ದುಬೈಯಿಂದ ಬುಕ್ ಮಾಡಿದ ಟೇಬಲ್, ಮಂಗಳೂರಿಗೆ ಬಂದ ಮೇಲೆ ಒಂದೂವರೆ ಗಂಟೆ ತಡ ತೋರಿಸುತ್ತದೆ. ಯಾಕೆ?

ಕೊಟ್ಟಾರ_ಚೌಕಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ ರಾತ್ರಿಯ ಕಥೆ. ಭಾವ ದುಬೈಯಲ್ಲಿದ್ದಾರೆ. ಊರಿಗೆ ಹೊರಡುವ ಮೊದಲೇ ಅಲ್ಲಿಂದ ಒಂದು ಆ್ಯಪ್‌ನಲ್ಲಿ ಮಂಗಳೂರಿನ ಒಂದು ರೆಸ್ಟೋರೆಂಟಿನಲ್ಲಿ ಒಂಬತ್ತು ಜನರಿಗೆ ಟೇಬಲ್ ಬುಕ್ ಮಾಡಿದ್ದರು. ರಾತ್ರಿ 8 ಗಂಟೆಯ ಸ್ಲಾಟ್, ಮುಂಗಡ 500 ರೂಪಾಯಿ. ಬುಕ್ ಆದ ಮೇಲೆ ಆ್ಯಪ್ ‘ಕ್ಯಾಲೆಂಡರ್‌ಗೆ ಸೇರಿಸಿ’ ಅಂತ ಕೇಳಿತಂತೆ, ಒತ್ತಿದರು.

ಊರಿಗೆ ಬಂದ ಮೇಲೆ ಅವರ ಫೋನಿನ ಕ್ಯಾಲೆಂಡರ್‌ನಲ್ಲಿ ಅದೇ ಬುಕಿಂಗ್ 9:30 ಅಂತ ತೋರಿಸುತ್ತಿತ್ತು. ನಮಗೆಲ್ಲ ಅದೇ ಸಮಯ ಹೇಳಿದರು. ಅಪ್ಪ, ಅಮ್ಮ, ಅಕ್ಕ, ಮಕ್ಕಳು ಎಲ್ಲ ಹೊರಟು ಹೋದರೆ ಅಲ್ಲಿ ಟೇಬಲ್ ಬೇರೆಯವರಿಗೆ ಕೊಟ್ಟಾಗಿದೆ! ಕೌಂಟರಿನವರು ಟ್ಯಾಬ್ ತಿರುಗಿಸಿ ತೋರಿಸಿದರು: 8:00, ಒಂಬತ್ತು ಜನ, ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ‘ನೋ ಶೋ’. "ನಾವು ಫೋನ್ ಮಾಡಲಿಕ್ಕೆ ನೋಡಿದೆವು ಸರ್, ಹೋಗಲಿಲ್ಲ" ಅಂದರು. ಅವರನ್ನು ಬೈದು ಪ್ರಯೋಜನ ಇಲ್ಲ.

ಈಗ ತಲೆಬಿಸಿ ಇರುವುದು ಮುಂದಿನದ್ದರ ಬಗ್ಗೆ. ಬರುವ ಭಾನುವಾರ ಮಧ್ಯಾಹ್ನ ಉಡುಪಿಯಲ್ಲೂ ಒಂದು ಟೇಬಲ್ ಉಂಟು, ಅದೇ ಆ್ಯಪ್, ದುಬೈಯಿಂದಲೇ ಬುಕ್ ಮಾಡಿದ್ದು. ಅದು ಕ್ಯಾಲೆಂಡರ್‌ನಲ್ಲಿ 2:00 ಅಂತ ಉಂಟು. ಯಾವುದನ್ನು ನಂಬುವುದು? ಫೋನ್ ಆಂಡ್ರಾಯ್ಡ್, ಗೂಗಲ್ ಕ್ಯಾಲೆಂಡರ್.

ಬಿಜೈ_ಗ್ಯಾಜೆಟ್

ಆ್ಯಪ್‌ನ ಕ್ಯಾಶ್ (ಅದು ಫೋನಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡ ಡೇಟಾ) ಕ್ಲಿಯರ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ ನೋಡಿ. ಇಲ್ಲದಿದ್ದರೆ ಆಟೊಮ್ಯಾಟಿಕ್ ಟೈಮ್ ಝೋನ್ ಆಫ್ ಮಾಡಿ ದುಬೈ ಟೈಮೇ ಇಟ್ಟುಕೊಳ್ಳಲಿ.

ಎಕ್ಕೂರು_ಕೋಡರ್

ಬೇಡ ಮಾರಾಯ್ರೆ. ಊರಲ್ಲಿ ಇಡೀ ದಿನ ದುಬೈ ಗಡಿಯಾರ ನೋಡಿಕೊಂಡು ತಿರುಗಿದರೆ ಬಸ್ಸೂ ತಪ್ಪುತ್ತದೆ. ಕ್ಯಾಶ್ ತೆಗೆದರೂ ಪ್ರಯೋಜನ ಇಲ್ಲ. ಕ್ಯಾಲೆಂಡರ್‌ಗೆ ಒಮ್ಮೆ ಸೇರಿದ ಎಂಟ್ರಿಗೂ ಆ್ಯಪ್‌ಗೂ ಆಮೇಲೆ ಸಂಬಂಧ ಇರುವುದಿಲ್ಲ.

ಒಂದೂವರೆ ಗಂಟೆ ಅಂದ ಕೂಡಲೇ ಅನುಮಾನ ಬಂತು. ನಮಗೂ ದುಬೈಗೂ ಇರುವ ಅಂತರ ಸರಿಯಾಗಿ ಅಷ್ಟೇ ಅಲ್ವಾ? ಗ್ರೀನ್‌ವಿಚ್ ಸಮಯಕ್ಕಿಂತ ಅವರು 4 ಗಂಟೆ ಮುಂದೆ, ನಾವು ಐದೂವರೆ ಗಂಟೆ ಮುಂದೆ.

ಕೊಟ್ಟಾರದವರೆ, ಸ್ವಲ್ಪ ನೋಡಿ ಹೇಳಿ. ಬುಕ್ ಆದಾಗ ಬಂದ ಮೆಸೇಜಿನಲ್ಲಿ ಎಷ್ಟು ಗಂಟೆ ಉಂಟು? ಆ್ಯಪ್ ತೆರೆದು ‘ನನ್ನ ಬುಕಿಂಗ್’ ನೋಡಿದರೆ ಎಷ್ಟು? ಮೇಲ್ ಬಂದಿದ್ದರೆ ಅದರ ಜೊತೆ ಕೊನೆಗೆ ಡಾಟ್ ಐಸಿಎಸ್ ಅಂತ ಇರುವ ಸಣ್ಣ ಕ್ಯಾಲೆಂಡರ್ ಫೈಲ್ ಉಂಟಾ? ಇದ್ದರೆ ಅದನ್ನು ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್‌ನಿಂದ ತೆರೆಯಿರಿ. ಕ್ಯಾಲೆಂಡರ್‌ನಿಂದ ತೆರೆಯಬೇಡಿ. ಒಳಗೆ ‘ಡಿಟಿಸ್ಟಾರ್ಟ್’ ಅಂತ ಒಂದು ಸಾಲು ಇರುತ್ತದೆ, ಶುರುವಾಗುವ ತಾರೀಕು, ಸಮಯ ಇರುವುದು ಅದರಲ್ಲೇ. ಅದರಲ್ಲಿ ಎಂತ ಬರೆದಿದೆ ಅಂತ ಹಾಗೇ ಹೇಳಿ.

ಕೊಟ್ಟಾರ_ಚೌಕಿ

ಮೆಸೇಜಿನಲ್ಲಿ 8:00. ಆ್ಯಪ್ ಒಳಗೂ 8:00. ಮೇಲ್ ಭಾವನಿಂದ ತರಿಸಿಕೊಂಡೆ, ಫೈಲ್ ಉಂಟು. ಆ ಸಾಲಿನಲ್ಲಿ ತಾರೀಕು, ನಂತರ ‘ಟಿ’ ಅಕ್ಷರ, ನಂತರ 160000, ಕೊನೆಗೆ ‘ಝಡ್’. ಹದಿನಾರು ಅಂದರೆ ಸಂಜೆ 4 ಗಂಟೆ ಅಲ್ವಾ? ಅದು ಎಲ್ಲಿಂದ ಬಂತು?

ಎಕ್ಕೂರು_ಕೋಡರ್

ಸಿಕ್ಕಿತು. ಕೊನೆಯ ಆ ‘ಝಡ್’ ಅಂದರೆ ಗ್ರೀನ್‌ವಿಚ್ ಸಮಯ ಅಂತ ಅರ್ಥ. ಗ್ರೀನ್‌ವಿಚ್‌ನಲ್ಲಿ ಸಂಜೆ 4 ಆದಾಗ ದುಬೈಯಲ್ಲಿ ರಾತ್ರಿ 8, ಮಂಗಳೂರಲ್ಲಿ ರಾತ್ರಿ 9:30. ರೆಸ್ಟೋರೆಂಟಿನ 8 ಗಂಟೆಯನ್ನು ಆ್ಯಪ್ ಫೋನಿನ 8 ಗಂಟೆ ಅಂತ ಲೆಕ್ಕ ಹಾಕಿ ಫೈಲ್ ಮಾಡಿಬಿಟ್ಟಿದೆ. ಮಂಗಳೂರಿನ 8 ಗಂಟೆಗೆ ಅಲ್ಲಿ 143000, ಅಂದರೆ ಗ್ರೀನ್‌ವಿಚ್‌ನ ಮಧ್ಯಾಹ್ನ 2:30, ಇರಬೇಕಿತ್ತು.

ಅಂದರೆ ಬುಕಿಂಗ್ ಸರಿ ಉಂಟು, ಕ್ಯಾಲೆಂಡರ್ ಎಂಟ್ರಿ ಮಾತ್ರ ತಪ್ಪು. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬುಕ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಫೋನ್ ಮತ್ತು ಹೋಟೆಲ್ ಎರಡೂ ಒಂದೇ ಸಮಯದಲ್ಲಿವೆ. ಆ್ಯಪ್ ಮಾಡಿದವರೂ ಭಾರತದಲ್ಲೇ ಕೂತು ಟೆಸ್ಟ್ ಮಾಡಿರುತ್ತಾರೆ. ಅರ್ಧ ಊರೇ ಗಲ್ಫಿನಲ್ಲಿರುವ ನಮ್ಮ ಕಡೆಯವರಿಗೇ ಇದು ಜಾಸ್ತಿ ಹೊಡೆಯುವುದು.

ದುಬೈಯಲ್ಲಿದ್ದಾಗ ನಿಮ್ಮ ಭಾವ ಕ್ಯಾಲೆಂಡರ್ ನೋಡಿದ್ದರೂ 8:00 ಅಂತಲೇ ಕಾಣುತ್ತಿತ್ತು. ಹಾಗಾಗಿ ಅನುಮಾನ ಬರಲಿಕ್ಕೇ ದಾರಿ ಇಲ್ಲ. ವಿಮಾನ ಇಳಿದು ಫೋನ್ ಇಲ್ಲಿಯ ಸಮಯಕ್ಕೆ ಬಂದ ಮೇಲೆ ಎಂಟ್ರಿ 9:30ಕ್ಕೆ ಜಾರಿತು.

ಉಡುಪಿಯದ್ದು 2:00 ತೋರಿಸಿದರೆ ನಿಜವಾದ ಸಮಯ 12:30. ಆ್ಯಪ್ ಒಳಗೆ ನೋಡಿ, ಹಾಗೇ ಇರುತ್ತದೆ.

ಕೊಟ್ಟಾರ_ಚೌಕಿ

ಹೌದು, ಆ್ಯಪ್ ಒಳಗೆ 12:30! ಅಬ್ಬ. ಹಾಗಾದರೆ ಕ್ಯಾಲೆಂಡರ್‌ನ ಸೆಟ್ಟಿಂಗ್ ಬದಲಾಯಿಸಿದರೆ ಸರಿ ಆಗುತ್ತದಾ?

ಎಕ್ಕೂರು_ಕೋಡರ್

ಇಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೂಗಲ್ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ನಲ್ಲಿ ಜನರಲ್ ಒಳಗೆ ‘ಯೂಸ್ ಡಿವೈಸ್ ಟೈಮ್ ಝೋನ್’ ಅಂತ ಉಂಟು. ಅದನ್ನು ಆಫ್ ಮಾಡಿ ಭಾರತದ ಸಮಯ ಆರಿಸಬಹುದು. ಐಫೋನಿನಲ್ಲಿ ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲಿ ‘ಟೈಮ್ ಝೋನ್ ಓವರ್‌ರೈಡ್’ ಅಂತ ಇರುತ್ತದೆ. ಆದರೆ ಇವು ಬದಲಾಯಿಸುವುದು ತೋರಿಸುವ ರೀತಿಯನ್ನು ಮಾತ್ರ. ತಪ್ಪು ಗಳಿಗೆಯೇ ಸೇವ್ ಆಗಿದ್ದರೆ ಅದನ್ನು ಯಾವ ಸೆಟ್ಟಿಂಗೂ ತಿದ್ದುವುದಿಲ್ಲ.

ಆದರೂ ಒಂದು ಉಪಯೋಗ ಉಂಟು. ದುಬೈಯಲ್ಲಿರುವಾಗಲೇ ಭಾರತದ ಸಮಯ ಹಾಕಿಟ್ಟುಕೊಂಡರೆ, ಬುಕ್ ಮಾಡಿದ ತಕ್ಷಣ 8:00 ಬದಲು 9:30 ಅಂತ ಕಣ್ಣಿಗೆ ಬೀಳುತ್ತದೆ. ಅಲ್ಲೇ ಗೊತ್ತಾಗುತ್ತದೆ.

ಈಗ ಮಾಡಬೇಕಾದ್ದು ಇಷ್ಟೇ. ಆ ಎಂಟ್ರಿ ಅಳಿಸಿ ಕೈಯಲ್ಲೇ ಹೊಸದು ಹಾಕಿ. ವಿದೇಶದಲ್ಲಿದ್ದು ಹಾಕುವವರು ಎಂಟ್ರಿಯ ಒಳಗೇ ಟೈಮ್ ಝೋನ್ ಒತ್ತಿ ಭಾರತದ್ದು ಆರಿಸಬೇಕು. ಇನ್ನೊಂದು, ಜಿಮೇಲ್ ಕೆಲವು ಮೇಲ್‌ಗಳನ್ನು ಓದಿ ತಾನಾಗಿಯೇ ಕ್ಯಾಲೆಂಡರ್‌ಗೆ ಎಂಟ್ರಿ ಸೇರಿಸುತ್ತದೆ. ಒಂದನ್ನು ಅಳಿಸಿದ ಮೇಲೆ ಇನ್ನೊಂದು ಉಳಿದಿದೆಯಾ ನೋಡಿಕೊಳ್ಳಿ.

ಆ್ಯಪ್‌ನ ಹೆಲ್ಪ್ ವಿಭಾಗಕ್ಕೆ ಆ ಐಸಿಎಸ್ ಫೈಲ್ ಸಮೇತ ಬರೆಯಿರಿ. ‘ಟೈಮ್ ತಪ್ಪು’ ಅಂತ ಬರೆದರೆ ಕ್ಯಾಶ್ ಕ್ಲಿಯರ್ ಮಾಡಿ ಅಂತ ಉತ್ತರ ಬರುತ್ತದೆ. 160000 ಮತ್ತು 143000, ಎರಡನ್ನೂ ಬರೆದರೆ ಓದಿದ ಡೆವಲಪರ್‌ಗೆ ಮತ್ತೆ ಎಂತ ಕೇಳಲಿಕ್ಕೂ ಇರುವುದಿಲ್ಲ.

ಕೌಂಟರಿನವ_ಉಡುಪಿ

ನಾನು ಉಡುಪಿಯಲ್ಲಿ ಒಂದು ರೆಸ್ಟೋರೆಂಟಿನ ಕೌಂಟರ್ ನೋಡಿಕೊಳ್ಳುವವನು. ಕೋಡರ್ ಅವರು ಹೇಳಿದ್ದು ಫೋನಿನ ಬದಿಯ ಕಥೆ, ನಮ್ಮ ಬದಿಯದ್ದನ್ನೂ ಹೇಳುತ್ತೇನೆ.

ಆ್ಯಪ್‌ನಿಂದ ಬುಕಿಂಗ್ ಬಂದರೆ ನಮ್ಮ ಟ್ಯಾಬ್ ‘ಟಿಂಗ್’ ಅನ್ನುತ್ತದೆ. ಹೆಸರು, ಜನ, ಸಮಯ, ಫೋನ್ ನಂಬರ್. ನಾವು ಅದನ್ನು ಪುಸ್ತಕದಲ್ಲಿ ಮತ್ತೊಮ್ಮೆ ಬರೆಯುತ್ತೇವೆ, ಯಾಕೆಂದರೆ ಫೋನಿನಲ್ಲಿ ಬುಕ್ ಮಾಡುವವರೂ ಇದ್ದಾರೆ, ನೇರ ಬಂದು ಹೇಳಿ ಹೋಗುವವರೂ ಇದ್ದಾರೆ. ಆ್ಯಪ್‌ಗೆ ನಾವು ಎಲ್ಲ ಟೇಬಲ್ ಕೊಡುವುದಿಲ್ಲ, ಕೆಲವನ್ನು ಮಾತ್ರ ಬಿಟ್ಟಿರುತ್ತೇವೆ. ಹಾಗಾಗಿ ಆ್ಯಪ್‌ನಲ್ಲಿ ‘ಟೇಬಲ್ ಇಲ್ಲ’ ಅಂತ ಬಂದರೆ ಹೋಟೆಲ್ ತುಂಬಿದೆ ಅಂತ ಅರ್ಥ ಅಲ್ಲ. ಒಂದು ಫೋನ್ ಮಾಡಿದರೆ ಸಿಗುವುದುಂಟು. ಜನ ಜಾಸ್ತಿ ಇದ್ದರಂತೂ ಫೋನೇ ವಾಸಿ. ಎರಡು ಟೇಬಲ್ ಜೋಡಿಸಬೇಕಾ, ಅಜ್ಜಿಗೆ ಮೆಟ್ಟಿಲು ಹತ್ತಲಿಕ್ಕೆ ಆಗುತ್ತದಾ, ಇದನ್ನೆಲ್ಲ ಆ್ಯಪ್ ಕೇಳುವುದಿಲ್ಲ.

ನಮ್ಮಲ್ಲಿ ಟೇಬಲ್ ಹಿಡಿದಿಡುವುದು 15 ನಿಮಿಷ. ಭಾನುವಾರ ಮಧ್ಯಾಹ್ನ ಬಾಗಿಲಲ್ಲಿ ಜನ ನಿಂತಿರುವಾಗ ಖಾಲಿ ಟೇಬಲ್ ಇಟ್ಟುಕೊಂಡು ಕೂತರೆ ನಿಂತವರು ಸುಮ್ಮನೆ ಬಿಡುತ್ತಾರಾ? ಆದರೆ ಕೊಡುವ ಮೊದಲು ಫೋನ್ ಮಾಡಿಯೇ ಮಾಡುತ್ತೇವೆ. ಕೊಟ್ಟಾರದವರೆ, ನಿಮ್ಮ ಭಾವ ಯಾವ ನಂಬರ್ ಕೊಟ್ಟಿದ್ದರು?

ಕೊಟ್ಟಾರ_ಚೌಕಿ

ಕೇಳಿದೆ. ದುಬೈ ನಂಬರ್. 971ರಿಂದ ಶುರುವಾಗುವುದು.

ಕೌಂಟರಿನವ_ಉಡುಪಿ

ಅದೇ. ಕೌಂಟರ್ ಫೋನಿನಲ್ಲಿ ಐಎಸ್‌ಡಿ, ಅಂದರೆ ವಿದೇಶಕ್ಕೆ ಫೋನ್ ಮಾಡುವ ಸೌಲಭ್ಯ, ಇರುವುದಿಲ್ಲ. ಒತ್ತಿದ ಕೂಡಲೇ ‘ಈ ಸೌಲಭ್ಯ ಇಲ್ಲ’ ಅಂತ ಹೆಂಗಸಿನ ದನಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಊರಲ್ಲಿರುವ ಒಬ್ಬರ ನಂಬರನ್ನು ‘ವಿಶೇಷ ಸೂಚನೆ’ ಅನ್ನುವ ಜಾಗದಲ್ಲಿ ಬರೆಯಲಿಕ್ಕೆ ಹೇಳಿ. ಅದು ಟ್ಯಾಬ್‌ನಲ್ಲಿ ಹೆಸರಿನ ಕೆಳಗೇ ಕಾಣುತ್ತದೆ.

ನೀರ್‌ದೋಸೆ_ಪಡುಬಿದ್ರಿ

ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಇಲ್ಲ ಅಂದುಕೊಂಡಿದ್ದೇನೆ. ನಮ್ಮ ಅಣ್ಣ ಅಬುಧಾಬಿಯಿಂದ ‘ಉಡುಪಿ ರೆಸ್ಟೋರೆಂಟ್’ ಅಂತ ಹುಡುಕಿದರೆ ಅಲ್ಲಿಯದ್ದೇ ಹೋಟೆಲುಗಳು ಸಾಲಾಗಿ ಬರುತ್ತವೆ. ಉಡುಪಿಯನ್ನು ಬಿಟ್ಟು ಬೇರೆಲ್ಲ ಕಡೆಯ ಉಡುಪಿ ಹೋಟೆಲ್! ಇದಕ್ಕೆ ಎಂತ ಮಾಡುವುದು?

ಎಕ್ಕೂರು_ಕೋಡರ್

ಹ್ಹಹ್ಹ. ಉಡುಪಿ ಅಂದರೆ ಊರಾ, ಅಡುಗೆಯಾ ಅಂತ ಆ್ಯಪ್‌ಗೆ ಗೊತ್ತಾಗುವುದಿಲ್ಲ. ಫೋನ್ ಇರುವ ಜಾಗ ನೋಡಿ ಹತ್ತಿರದ್ದನ್ನು ಮೇಲೆ ಹಾಕುತ್ತದೆ. ಹುಡುಕುವಾಗ ಆ್ಯಪ್‌ಗೆ ಲೊಕೇಶನ್ ಅನುಮತಿ ತೆಗೆದು, ಊರನ್ನು ಕೈಯಲ್ಲೇ ಆರಿಸಲಿ. ಮ್ಯಾಪ್ಸ್ ಆದರೆ ಮೊದಲು ಉಡುಪಿಯ ಮೇಲೆ ನಕ್ಷೆ ಎಳೆದು ಇಟ್ಟು, ಆಮೇಲೆ ‘ಈ ಜಾಗದಲ್ಲಿ ಹುಡುಕಿ’ ಒತ್ತಬೇಕು.

ಬುಕ್ ಮಾಡುವ ಮೊದಲು ವಿಳಾಸದ ಪಿನ್‌ಕೋಡ್ ನೋಡುವ ಅಭ್ಯಾಸ ಒಳ್ಳೆಯದು. ಮಂಗಳೂರು ನಗರದ್ದು 575ರಿಂದ, ಉಡುಪಿ ಮತ್ತು ಮಣಿಪಾಲದ್ದು 576ರಿಂದ ಶುರು. ಒಂದೇ ಹೆಸರಿನ ಹೋಟೆಲ್ ಎರಡೂ ಊರಲ್ಲಿದ್ದರೆ ಹೆಸರು ನೋಡಿ ಗೊತ್ತಾಗುವುದಿಲ್ಲ. ಉಡುಪಿ 576101, ಮಣಿಪಾಲ 576104.

ಕೌಂಟರಿನವ_ಉಡುಪಿ

ಎಲ್ಲದಕ್ಕೂ ಆ್ಯಪ್ ಹುಡುಕಬೇಡಿ. ರಥಬೀದಿ ಸುತ್ತಿನ ಗೋಳಿಬಜೆ, ಬನ್ಸ್ ಹೋಟೆಲುಗಳಲ್ಲಿ ಯಾರು ಟೇಬಲ್ ಬುಕ್ ಮಾಡುತ್ತಾರೆ? ಹೋಗುವುದು, ಎದ್ದವರ ಜಾಗದಲ್ಲಿ ಕೂರುವುದು. ಮಂಗಳೂರಿನ ಹಳೆಯ ಮೀನೂಟದ ಹೋಟೆಲುಗಳಲ್ಲೂ ಹಾಗೆಯೇ, ಊಟ ಮಾಡುವವರ ಕುರ್ಚಿಯ ಹಿಂದೆ ನಿಂತುಕೊಂಡದ್ದೇ ಬುಕಿಂಗ್. ಅಂಥ ಕಡೆಗೆ ಫೋನಿನ ಉಪಯೋಗ ಒಂದೇ, ಮ್ಯಾಪ್ಸ್‌ನಲ್ಲಿ ಯಾವ ಗಂಟೆಗೆ ಜನ ಜಾಸ್ತಿ ಅಂತ ತೋರಿಸುವ ಕಂಬಗಳನ್ನು ನೋಡಿ ಸ್ವಲ್ಪ ಬೇಗ ಹೊರಡುವುದು.

ಮತ್ತೆ ಮೀನಿಗಾಗಿ ಬರುವವರು ತಿಂಗಳು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ್ಯಪ್‌ನ ಮೆನುವಿನಲ್ಲಿ ಅಂಜಲ್ ತವಾ ಫ್ರೈಯ ಫೋಟೋ ವರ್ಷವಿಡೀ ಹೊಳೆಯುತ್ತಿರುತ್ತದೆ, ನಮ್ಮ ಅಡುಗೆಮನೆಗೆ ಮೀನು ಹಾಗೆ ಬರುವುದಿಲ್ಲ. ಆ ಎರಡು ತಿಂಗಳು ಫೋನ್ ಮಾಡಿ ಕೇಳಿಯೇ ಬನ್ನಿ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯ ಉತ್ಸವದ ದಿನ, ಅಂದರೆ ಜನವರಿ 18ರ ಆಸುಪಾಸಿನಲ್ಲೂ ಅಷ್ಟೇ. ಸ್ಲಾಟ್ ಸಿಕ್ಕಿತು ಅಂತ ಕಾರಿನಲ್ಲಿ ಹೊರಟರೆ ಪೇಟೆಯ ಒಳಗೆ ಬರಲಿಕ್ಕೇ ಆಗುವುದಿಲ್ಲ.

ಬಿಜೈ_ಗ್ಯಾಜೆಟ್

ಆ 500 ರೂಪಾಯಿ ಕಥೆ ಎಂತ? ಹಣ ಕಟ್ ಆಗಿ ಕೆಲಸ ಆಗದಿದ್ದರೆ ಯುಪಿಐಯಲ್ಲಿ ಐದು ದಿನದೊಳಗೆ ವಾಪಸ್ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಉಂಟಲ್ಲ?

ಎಕ್ಕೂರು_ಕೋಡರ್

ಆ ನಿಯಮ ಖಾತೆಯಿಂದ ಹಣ ಹೋಗಿ ಅಂಗಡಿಯವರಿಗೆ ಖಚಿತವಾಗದೇ ಉಳಿದ ಪಾವತಿಗೆ. ಇಲ್ಲಿ ಪಾವತಿ ಸರಿಯಾಗಿಯೇ ಆಗಿದೆ, ಬ್ಯಾಂಕ್ ಏನೂ ಮಾಡುವುದಿಲ್ಲ. ಆ್ಯಪ್‌ನವರ ಹತ್ತಿರವೇ ಕೇಳಬೇಕು. ಐಸಿಎಸ್ ಫೈಲ್ ಕೈಯಲ್ಲಿ ಉಂಟಲ್ಲ, ತಪ್ಪು ಯಾರದ್ದು ಅಂತ ಅದರಲ್ಲೇ ಬರೆದಿದೆ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಕೊಟ್ಟಾರ_ಚೌಕಿ

ಅಪ್‌ಡೇಟ್. ಉಡುಪಿಯ ರೆಸ್ಟೋರೆಂಟಿಗೆ ಫೋನ್ ಮಾಡಿದೆ. ಅವರ ಪುಸ್ತಕದಲ್ಲೂ 12:30 ಅಂತಲೇ ಉಂಟು. ನನ್ನ ನಂಬರ್ ಬರೆಸಿದೆ, ಅಮ್ಮನಿಗೆ ಕೆಳಗಿನ ಮಹಡಿಯಲ್ಲೇ ಟೇಬಲ್ ಕೊಡುತ್ತೇವೆ ಅಂದರು. ಭಾವನ ಕ್ಯಾಲೆಂಡರ್‌ನಲ್ಲಿ ನಿಜವಾಗಿಯೂ ಎರಡು ಎಂಟ್ರಿ ಇತ್ತು, ಜಿಮೇಲ್ ಸೇರಿಸಿದ್ದು ಒಂದು! ಎರಡನ್ನೂ ಅಳಿಸಿ ಹೊಸದು ಹಾಕಿದೆವು. 500 ರೂಪಾಯಿಗೆ ಫೈಲ್ ಸಮೇತ ಬರೆದಿದ್ದೇವೆ, ‘ತಾಂತ್ರಿಕ ತಂಡಕ್ಕೆ ಕಳಿಸಿದ್ದೇವೆ’ ಅಂತ ಉತ್ತರ ಬಂದಿದೆ. ನೋಡುವ.

ಕುವೈತ್_ಕುಡ್ಲ

ನಾನೂ ಮುಂದಿನ ವಾರ ಊರಿಗೆ ಬರುವವನು. ಮಂಗಳೂರಲ್ಲಿ ರಾತ್ರಿ 8ಕ್ಕೆ ಬುಕ್ ಮಾಡಿದ್ದೇನೆ, ಆ್ಯಪ್ ಬೇರೆ. ನನ್ನ ಕ್ಯಾಲೆಂಡರ್ ಈಗ ಸಂಜೆ 5:30 ತೋರಿಸುತ್ತಿದೆ. ಇದೂ ಅದೇ ರೋಗವಾ?

ಎಕ್ಕೂರು_ಕೋಡರ್

ಅಲ್ಲ, ನಿಮ್ಮದು ಸರಿ ಇರುವ ಲಕ್ಷಣ. ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ 8 ಆದಾಗ ಅಲ್ಲಿ 5:30. ಫೈಲ್ ತೆರೆದು ನೋಡಿ, 143000 ಮತ್ತು ‘ಝಡ್’ ಇದ್ದರೆ ಮುಟ್ಟಲಿಕ್ಕೇ ಹೋಗಬೇಡಿ, ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ತಾನಾಗಿಯೇ 8:00 ಆಗುತ್ತದೆ. ಅಲ್ಲಿ 170000 ಇದ್ದು ಈಗ 8:00 ತೋರಿಸುತ್ತಿದ್ದರೆ ಹೆದರಬೇಕಿತ್ತು. ಊರಿಗೆ ಬಂದಾಗ ಅದು 10:30 ಆಗುತ್ತಿತ್ತು. ಕೌಂಟರಿನವರು ಹೇಳಿದ ಹಾಗೆ ಊರಿನ ನಂಬರ್ ಕೊಟ್ಟಿದ್ದೀರಾ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.