ಅಪ್‌ಡೇಟ್: ಎಳೆದೊಯ್ಯುವ ಕಾರಿನ ಹಿಂಬದಿ ದೀಪಗಳು ಸರಿಯಾದವು

ಮೋಟರ್‌ಹೋಮ್‌ನ (ವಾಸಕ್ಕೆ ಸಜ್ಜಾದ ದೊಡ್ಡ ವಾಹನದ) ಹಿಂದೆ ಎಳೆದೊಯ್ಯುವ ಕಾರಿನಲ್ಲಿ ಎಡ ಇಂಡಿಕೇಟರ್ ಹಾಕಿದರೆ ಹಿಂಬದಿಯ ದೀಪಗಳೆಲ್ಲ ಮಂದವಾಗಿ ಮಿನುಗುತ್ತವೆ, ಏಕೆ ಎಂದು ಹಿಂದೆ ನಿಮ್ಮನ್ನು ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ ಮೊದಲು ಅರ್ಥಿಂಗ್ (ವಿದ್ಯುತ್ ವಾಹನದ ಲೋಹದ ಮೈ ಮೂಲಕ ಮರಳುವ ಸಂಪರ್ಕ) ಪರೀಕ್ಷಿಸಿದೆ. ಎರಡು ವಾಹನಗಳ ವೈರಿಂಗ್ ಜೋಡಿಸುವ ಸಾಕೆಟ್‌ನ ಬಿಳಿ ಅರ್ಥಿಂಗ್ ತಂತಿಯನ್ನು ಬಿಗಿದಿದ್ದ ಬೋಲ್ಟ್‌ನ ಅಡಿಯಲ್ಲಿ ತುಕ್ಕು ಹಿಡಿದಿತ್ತು. ಅಲ್ಲಿನ ಬಣ್ಣವನ್ನೂ ತುಕ್ಕನ್ನೂ ಉಜ್ಜಿ ತೆಗೆದು, ಹೊಳೆಯುವ ಲೋಹಕ್ಕೆ ತಾಗುವಂತೆ ಮತ್ತೆ ಬಿಗಿದ ಮೇಲೆ ಮಿನುಗಾಟ ನಿಂತಿತು.

ಮೋಟರ್‌ಹೋಮ್‌ನಿಂದ ಬರುವ ವಿದ್ಯುತ್ ಕಾರಿನ ಸ್ವಂತ ವೈರಿಂಗ್‌ಗೆ ಹಿಮ್ಮುಖವಾಗಿ ನುಗ್ಗದಿರಲೆಂದು, ಪ್ರತಿ ದೀಪದಲ್ಲೂ ಎರಡು ವಾಹನಗಳ ತಂತಿಗಳು ಸೇರುವ ಕಡೆ ಒಂದೊಂದು ತಂತಿಗೂ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಬಿಡುವ ಬಿಡಿಭಾಗ) ಕೂಡಿಸಿದ್ದೇನೆ. ಸಾಮಾನ್ಯ ಸಿಲಿಕಾನ್ ಡಯೋಡ್‌ನಲ್ಲಿ ಸುಮಾರು 0.7 ವೋಲ್ಟ್ ಕಳೆದುಹೋಗುವುದರಿಂದ ಬೆಳಕು ತುಸು ಕುಗ್ಗಿದೆಯಾದರೂ ಹಗಲಿನಲ್ಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಡಯೋಡ್ ಬದಲು ಮೋಟರ್‌ಹೋಮ್‌ನ ತಂತಿಗೆಂದೇ ಪ್ರತ್ಯೇಕ ಬಲ್ಬ್ ಕೂರಿಸಬಹುದೆಂದು ನಿಮ್ಮಿಂದ ಬಂದ ಸಲಹೆಯೇ ಹೆಚ್ಚು ಅಚ್ಚುಕಟ್ಟಾದದ್ದು ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಕಾರಿನ ದೀಪದ ಗೂಡಿನಲ್ಲಿ ಅದಕ್ಕೆ ಜಾಗವಿಲ್ಲ.