ನೋಡ್-ರೆಡ್‌ನಲ್ಲಿ ಎಫ್‌ಎಫ್‌ಎಂಪೆಗ್: ಎಲ್ಲ ಸಾಲುಗಳೂ ದೋಷದ ತುದಿಗೇ ಏಕೆ?

ಪ್ರಶ್ನೆ:
ದಾವಣಗೆರೆಯಲ್ಲಿರುವ ನಮ್ಮ ಮೆಕ್ಕೆಜೋಳದ ಗೋದಾಮಿನ ಕ್ಯಾಮೆರಾ ವಿಡಿಯೊವನ್ನು ಪ್ರತಿ ರಾತ್ರಿ ಚಿಕ್ಕದಾಗಿಸಲು ನೋಡ್-ರೆಡ್ ಎಂಬ, ಕೆಲಸಗಳನ್ನು ಜೋಡಿಸಿ ತಾನಾಗಿ ನಡೆಸುವ ತಂತ್ರಾಂಶದ ಎಕ್ಸೆಕ್ ನೋಡ್ (ಹೊರಗಿನ ಆಜ್ಞೆಯನ್ನು ನಡೆಸಿ, ಫಲಿತಾಂಶವನ್ನು ಮೂರು ತುದಿಗಳಲ್ಲಿ ಹೊರಕೊಡುವ ಘಟಕ) ಮೂಲಕ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಕವನ್ನು ಓಡಿಸುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಸರಿಯಾಗಿ ನಡೆದ ಆಜ್ಞೆಯೇ ಇಲ್ಲಿ ಮೊದಲ ತುದಿಯಲ್ಲಿ ಏನನ್ನೂ ಕೊಡದೆ, ದೋಷಗಳಿಗೆಂದಿರುವ ಎರಡನೆಯ ತುದಿಯಲ್ಲಿ ರಾಶಿ ಸಾಲುಗಳನ್ನು ಸುರಿಯಿತು. ಎರಡನೆಯ ರಾತ್ರಿಯಂತೂ ಕೆಲಸ ಮುಗಿಯಲೇ ಇಲ್ಲ. ತಪ್ಪೆಲ್ಲಿದೆ?

ಉತ್ತರ 1:
ಮೊದಲನೆಯದು ತಪ್ಪೇ ಅಲ್ಲ. ಎಫ್‌ಎಫ್‌ಎಂಪೆಗ್ ತನ್ನ ಪ್ರಗತಿಯ ವಿವರವನ್ನೆಲ್ಲ ಸ್ಟ್ಯಾಂಡರ್ಡ್ ಎರರ್‌ಗೇ (ದೋಷ ಸಂದೇಶಗಳಿಗೆಂದಿರುವ ಹರಿವು, ನಿಮ್ಮ ಎರಡನೆಯ ತುದಿ) ಬರೆಯುತ್ತದೆ. ಆದ್ದರಿಂದ ಗೆಲುವು-ಸೋಲನ್ನು ಮೂರನೆಯ ತುದಿಯಲ್ಲಿ ಬರುವ ಮುಕ್ತಾಯ ಸಂಕೇತದಿಂದ (ಆಜ್ಞೆ ಮುಗಿದಾಗ ಕೊಡುವ ಸಂಖ್ಯೆ) ನಿರ್ಣಯಿಸಿ, 0 ಬಂದರೆ ಕೆಲಸ ಆಗಿದೆ ಎಂದರ್ಥ. ಎರಡನೆಯ ರಾತ್ರಿ ಅದೇ ಹೆಸರಿನ ಕಡತ ಆಗಲೇ ಇದ್ದುದರಿಂದ, 'ಅಳಿಸಿ ಬರೆಯಲೇ?' ಎಂದು ಕೇಳಿ, ಉತ್ತರಿಸುವವರಿಲ್ಲದೆ ಅದು ಕಾಯುತ್ತ ಕುಳಿತಿರಬೇಕು. ಕೇಳದೆಯೇ ಅಳಿಸಿ ಬರೆಯುವಂತೆ ಆಜ್ಞೆಗೆ '-ವೈ' ಸೇರಿಸಿ (ಇಂಗ್ಲಿಷಿನ ಸಣ್ಣಕ್ಷರದಲ್ಲಿ, -y).

ಉತ್ತರ 2:
ಪ್ರಗತಿಯನ್ನು ಆಗಿಂದಾಗಲೇ ನೋಡಬೇಕಿದ್ದರೆ ಎಕ್ಸೆಕ್ ನೋಡ್‌ನ ಆಯ್ಕೆಗಳಲ್ಲಿ ಸ್ಪಾನ್ ವಿಧಾನ ಆರಿಸಿಕೊಳ್ಳಿ. ಎಕ್ಸೆಕ್ ವಿಧಾನದಲ್ಲಿ ಎಲ್ಲವೂ ಕೊನೆಗೆ ಒಟ್ಟಿಗೆ ಬರುತ್ತದೆ. ಆದರೆ ಸ್ಪಾನ್‌ನಲ್ಲಿ ಶೆಲ್ (ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಅರ್ಥೈಸುವ ತಂತ್ರಾಂಶ) ಇರುವುದಿಲ್ಲವಾದ್ದರಿಂದ, ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ಕೊಡುವ ಪೈಪ್ ಚಿಹ್ನೆ (|) ಕೆಲಸ ಮಾಡದು.

ಪ್ರಶ್ನೆ ಕೇಳಿದವರು:
'-ವೈ' ಸೇರಿಸಿದೆ, ಇಂದು ಬೆಳಿಗ್ಗೆ ಮೂರನೆಯ ತುದಿಯಲ್ಲಿ 0 ಬಂದಿತ್ತು.