ರಷ್ಯಾದ ಚೆಚೆನ್ಯದ ಹಳೆಯ ಕಲ್ಲುಗೋಪುರಗಳಿಗೆ ಹೋಗಿಬಂದವರು ಅನುಭವ ತಿಳಿಸುವಿರಾ?

ಮೈಸೂರಿಗ: ಜೂನ್‌ನಲ್ಲಿ ಅಪ್ಪನ ಜೊತೆ ಚೆಚೆನ್ಯದ ರಾಜಧಾನಿ ಗ್ರೋಜ್ನಿಗೆ ಹೋಗುತ್ತಿದ್ದೇನೆ. ಗೋಪುರಗಳಿರುವ ಅರ್ಗುನ್ ಮೀಸಲು ಪ್ರದೇಶ ನೋಡಲು ಎರಡೇ ದಿನ ಇದೆ. ಅಪ್ಪನಿಗೆ 68 ವರ್ಷ, ಮೊಣಕಾಲು ನೋವು, ಸಸ್ಯಾಹಾರಿ. ಬೆಟ್ಟದೂರು ಇತುಂ-ಕಾಲಿ ಕಡೆ ಹೋಗಲೋ, ಕೆಜೆನೋಯ್-ಆಮ್ ಸರೋವರದ ಕಡೆಯೋ?

ಗೋಪುರದ ಹುಚ್ಚ: ಇತುಂ-ಕಾಲಿ ಕಡೆಯ ತ್ಸೋಯ್-ಪೆದೆ ನೋಡಲೆಂದೇ ಹೋದವನು ನಾನು, ನೋಡದೆ ಬಂದವನೂ ನಾನೇ. 40ಕ್ಕೂ ಹೆಚ್ಚು ಕಲ್ಲಿನ ಸಮಾಧಿಮನೆಗಳಿರುವ ಆ ಸತ್ತವರ ಊರು ಜಾರ್ಜಿಯಾ ಗಡಿಯ ಹತ್ತಿರವಿದೆ, ವಿದೇಶಿಯರಿಗೆ ಗಡಿವಲಯದ ಪರವಾನಗಿ ಬೇಕು. ಮಾಡಿಸಿಕೊಡುತ್ತೇನೆಂದ ದಲ್ಲಾಳಿಗೆ 6,500 ರೂಬಲ್ ಕೊಟ್ಟೆ. ಹಿಂದಿನ ರಾತ್ರಿ ‘ಬಂದಿದೆ’ ಎಂದ. ಗಡಿಠಾಣೆಯ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ! ಕಾರಿಗೆ 11,000, ಕಾಯಿಸಿದ್ದಕ್ಕೆ ಮತ್ತೆ 1,500. ನಮ್ಮ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲವಲ್ಲ, ಜೇಬಿನಲ್ಲಿ ಉಳಿದದ್ದು 800. ಎರಡು ದಿನ ಬ್ರೆಡ್ಡು, ಚಹಾ. ಮರಳುವಾಗ ಬಂಡೆಯ ಚಾಚಿನಡಿ ನಿಂತ ಉಷ್ಕಲೋಯ್ ಜೋಡಿಗೋಪುರಗಳು ಸಿಕ್ಕವು. ನೋಡುವ ಮನಸ್ಸೇ ಉಳಿದಿರಲಿಲ್ಲ.

ಮಖಚ್‌ಕಲಾ ವಿದ್ಯಾರ್ಥಿನಿ: ಇಲ್ಲಿ, ಪಕ್ಕದ ದಾಗೆಸ್ತಾನದಲ್ಲಿ, ವೈದ್ಯಕೀಯ ಓದುತ್ತಿದ್ದೇನೆ. ನಾವು ಐವರು ಸರೋವರಕ್ಕೆ ಹೋದೆವು. ತಲೆಗೆ 2,300 ರೂಬಲ್, ಅದರಲ್ಲಿ 400 ಪಂಕ್ಚರ್ ಪಾಲು. ಚಾಲಕನ ಟಯರಿಗೆ ನಾವೇಕೆ ಕೊಡಬೇಕಿತ್ತೋ ಇಂದಿಗೂ ತಿಳಿಯದು. ಸುಮಾರು 1,870 ಮೀಟರ್ ಎತ್ತರ, ಮೇ ಕೊನೆಯಲ್ಲೂ ಹಲ್ಲು ಕಟಕಟ. ಅಲ್ಲಿಂದ ಹೋಯ್ ಹಳ್ಳಿಗೆ ಹೋದೆವು, ಹೆಸರಿನ ಅರ್ಥ ಕಾವಲುಗಾರರು. ಯಾವ ದಲ್ಲಾಳಿಯೂ ಬೇಕಾಗಲಿಲ್ಲ.

ಗೋಪುರದ ಹುಚ್ಚ: ತಂಗಿ, ಹೋಯ್ ಪಾಳುಬಿದ್ದಿದ್ದು ಈಚೆಗೆ ಮತ್ತೆ ಕಟ್ಟಿ ನಿಲ್ಲಿಸಿದ ಊರು. ಹೊಸ ಗಾರೆ, ಹೊಸ ಬಾಗಿಲು. ಅದನ್ನು ನೋಡಲು ಅಷ್ಟು ದೂರ ಹೋಗಬೇಕೆ?

ಮಖಚ್‌ಕಲಾ ವಿದ್ಯಾರ್ಥಿನಿ: 1944ರಲ್ಲಿ ಸೋವಿಯತ್ ಸರ್ಕಾರದವರು ಇಡೀ ಚೆಚೆನ್ ಜನಾಂಗವನ್ನೇ ಮಧ್ಯ ಏಷ್ಯಾಕ್ಕೆ ಸಾಗಿಸಿದರು. 1957ರ ನಂತರ ಮರಳಿದವರನ್ನೂ ಎತ್ತರದ ಎಷ್ಟೋ ಹಳ್ಳಿಗಳಲ್ಲಿ ನೆಲೆಸಲು ಬಿಡಲಿಲ್ಲ. ಗಾರೆ ಹಾಕಬೇಕಾದವರೇ ಇಲ್ಲದಿದ್ದಾಗ ಕಲ್ಲು ತಾನಾಗಿ ನಿಲ್ಲುತ್ತದೆಯೇ ಅಣ್ಣ? ನಿಮಗೆ ಬೇಕಿರುವುದು ಗೋಪುರವಲ್ಲ, ಕಲ್ಲುಗುಡ್ಡೆ.

ಕಟ್ಟಡದವನು: ಇಬ್ಬರೂ ಸುಮ್ಮನಿರಿ. ನಾನು 30 ವರ್ಷ ಕಲ್ಲಿನ ಕೆಲಸ ಮಾಡಿಸಿದವನು. ಆ ಗೋಪುರಗಳಲ್ಲಿ ಮೇಲೇರಿದಂತೆ ಕಿರಿದಾಗುವ ಗೋಡೆ, ಮೆಟ್ಟಿಲು ಮೆಟ್ಟಿಲಾದ ಚಾವಣಿ, ತುದಿಗೊಂದು ಕಲ್ಲು: ಅದನ್ನು ಕೂರಿಸುವುದೇ ದೊಡ್ಡ ವಿದ್ಯೆ. ಕೆಲವು ಗೋಡೆಗಳಲ್ಲಿ ಕೈಯಚ್ಚು, ಸುರುಳಿ ಕೊರೆದಿದ್ದಾರೆ. ನಾನು ಮೂರು ಗಂಟೆ ಅಳತೆ ತೆಗೆಯುತ್ತಾ ನಿಂತೆ, ಹೆಂಡತಿ ಕಾರಿನಿಂದ ಇಳಿಯಲಿಲ್ಲ. ಈಗಲೂ ಅವಳದು ಅದೇ ದೂರು.

ಶಾರದಕ್ಕ: ಸಸ್ಯಾಹಾರ ಸಿಗಲಾರದೆಂದು ನಾಲ್ಕು ಕಿಲೋ ಅವಲಕ್ಕಿ ಹೊತ್ತುಕೊಂಡು ಹೋಗಿ, ಹೆಚ್ಚುವರಿ ತೂಕಕ್ಕೆ ಅವಲಕ್ಕಿಗಿಂತ ಹೆಚ್ಚು ಹಣ ತೆತ್ತೆ. ಅಲ್ಲಿ ನೋಡಿದರೆ ಹಿಂಗಲ್ಶ್ ಎಂಬ ರೊಟ್ಟಿ ಇದೆ, ಕುಂಬಳಕಾಯಿ ಹೂರಣ, ಮೇಲೆ ಬೆಣ್ಣೆ. ನಮ್ಮ ಹೋಳಿಗೆಯೇ.

ಕಟ್ಟಡದವನು: ಹೋಳಿಗೆ ಎನ್ನಬೇಡಿ. ನಾನೂ ತಿಂದಿದ್ದೇನೆ.

ಶಾರದಕ್ಕ: ತಿಂದವರಿಗೆಲ್ಲ ರುಚಿ ತಿಳಿಯುವುದಿಲ್ಲ ಸ್ವಾಮಿ. ಕಾರಿನಿಂದಿಳಿಯದ ನಿಮ್ಮ ಮನೆಯವರನ್ನು ಕೇಳಿ.

ಮೈಸೂರಿಗ: ಎಲ್ಲರಿಗೂ ಧನ್ಯವಾದ. ಅಪ್ಪನ ಮೊಣಕಾಲಿನ ವಿಷಯ?

ಗೋಪುರದ ಹುಚ್ಚ: ಅದಿರಲಿ, ಪರವಾನಗಿಗೆ ಅರ್ಜಿ ಯಾರ ಕೈಯಲ್ಲಿ ಕೊಟ್ಟಿದ್ದೀರಿ?